ಮೆಟ್ಟಿಲ ನಡುವೆ ನಿಂತುಹೋದವನ ಸಾಕ್ಷಿ

ಷಟರಣ್ಣನ ಗಂಟಲು ಎಂಥದ್ದೆಂದರೆ, ಪೇಟೆಬೀದಿಯ ಈ ತುದಿಯಲ್ಲಿ ನಿಂತು ಅವನು ಸುತ್ತಿಗೆ ಎಲ್ಲಿ ಎಂದು ಕೇಳಿದರೆ, ಆ ತುದಿಯ ಗಡಿಯಾರದಂಗಡಿಯವನು ತನ್ನ ಮೇಜಿನ ಕೆಳಗೆ ಬಗ್ಗಿ ನೋಡುತ್ತಿದ್ದ. ಅಂಗಡಿಗಳ ಷಟರ್ ರಿಪೇರಿ ಅವನ ಕಸುಬು. ಸ್ಪ್ರಿಂಗ್ ಸಡಿಲವಾಗಿ ಅರ್ಧಕ್ಕೇ ನಿಂತದ್ದು, ಹಳಿ ಬಿಟ್ಟು ವಾರೆಯಾದದ್ದು, ತುಕ್ಕು ಹಿಡಿದು ಬೆಳಬೆಳಗ್ಗೆ ಬೀದಿಯನ್ನೆಲ್ಲ ಎಬ್ಬಿಸುವಂಥದ್ದು, ಎಲ್ಲವೂ ಅವನ ಕೈಗೆ ಬಗ್ಗುತ್ತಿದ್ದವು. ಊರಿನ ಷಟರುಗಳನ್ನೆಲ್ಲ ಎಳೆದು ಮುಚ್ಚುವವನಿಗೆ ತನ್ನ ಬಾಯಿಯ ಷಟರ್ ಮಾತ್ರ ಎಳೆಯಲು ಬರುವುದಿಲ್ಲ ಎಂದು ಅವನ ಹೆಂಡತಿಯೇ ನಗುತ್ತಿದ್ದಳು. ಅವಳದ್ದು ಅದೇ ಬೀದಿಯಲ್ಲಿ ಇಸ್ತ್ರಿ ಅಂಗಡಿ.

ಆ ಬಾಯಿಗೆ ಚರ್ಚಿನ ಸಭೆಯಲ್ಲಿ ಬಲು ಬೆಲೆ. ಭಾನುವಾರದ ಆರಾಧನೆಯಲ್ಲಿ ದೇವರು ಮಾಡಿದ ಉಪಕಾರಕ್ಕೆ ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಎಂದು ಪಾಸ್ಟರ್ ಕೇಳಿದರೆ ಸಾಕು, ಮುಂದಿನ ಬೆಂಚಿನವರು ಹಿಂದಕ್ಕೆ ತಿರುಗಿ ಅವನನ್ನು ನೋಡುತ್ತಿದ್ದರು. ಅವನು ಹೇಳುತ್ತಿದ್ದುದು ಒಂದೇ ಕಥೆ. ಎಷ್ಟು ಸಲ ಕೇಳಿದರೂ ಜನರಿಗೆ ಬೇಸರವಿಲ್ಲ. ಅಂಗಿ ಗುಂಡಿ, ನೂಲು, ಲೇಸು ಮಾರುವ ಗುಂಡಿ ಅಜ್ಜಿಯ ಮನೆಗೆ ಕೆಲವು ವರ್ಷಗಳ ಹಿಂದೆ ಬೆಂಕಿ ಬಿದ್ದದ್ದು, ಮಹಡಿಯಲ್ಲಿ ಮಲಗಿದ್ದ ಅಜ್ಜಿಯನ್ನು ಷಟರಣ್ಣ ಹೊತ್ತು ತಂದದ್ದು. ಮೊದಲ ವರ್ಷ ಆ ಕಥೆಯಲ್ಲಿ ಹೊಗೆ ಮಾತ್ರ ಇತ್ತು. ಎರಡನೇ ವರ್ಷ ಜ್ವಾಲೆ ಬಂತು. ಆಮೇಲೆ ಯಾವಾಗಲೋ ಉರಿಯುವ ತೊಲೆಯೊಂದು ಅವನ ಕಿವಿಯ ಪಕ್ಕದಲ್ಲೇ ಬಿತ್ತು. ಕೊನೆಗೆ ಎದೆ ಮೇಲೆ ಕೈಯಿಟ್ಟು, ಗಂಟಲು ಇಳಿಸಿ, "ದೇವರು ನಂಬಿಗಸ್ತ" ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ಹೆಂಗಸರ ಕಡೆ ಕರವಸ್ತ್ರಗಳು ಹೊರಬಂದಿರುತ್ತಿದ್ದವು.

ನಡೆದದ್ದೇ ಬೇರೆ.

ಆ ಮಧ್ಯಾಹ್ನ ಅವನು ಗುಂಡಿ ಅಜ್ಜಿಯ ಅಂಗಡಿಯ ಷಟರಿಗೆ ಗ್ರೀಸ್ ಹಚ್ಚುತ್ತಿದ್ದುದು ನಿಜ. ಮಹಡಿಯಲ್ಲಿ ಅವನ ಭಾವಮೈದುನ, ಹೆಂಡತಿಯ ಒಬ್ಬನೇ ತಮ್ಮ, ಕಿಟಕಿಗಳಿಗೆ ಬಣ್ಣ ಬಳಿಯುವ ಕೆಲಸ ಹಿಡಿದಿದ್ದ. ಪೇಂಟರ್ ಊಟಕ್ಕೆಂದು ಇಳಿದು ಹೋದ ಸ್ವಲ್ಪ ಹೊತ್ತಿಗೆ ಮೇಲಿನಿಂದ ಹೊಗೆ ಬಂತು. ಷಟರಣ್ಣ ಗ್ರೀಸ್ ಡಬ್ಬಿ ಎಸೆದು ಮೆಟ್ಟಿಲು ಹತ್ತಿದ. ಅದೂ ನಿಜ. ಮೆಟ್ಟಿಲು ತಿರುಗುವಲ್ಲಿ ಕಪ್ಪು ಹೊಗೆ ಮುಖಕ್ಕೆ ಹೊಡೆಯಿತು, ಮೇಲೆ ಏನೋ ಚಟಪಟ ಸಿಡಿಯಿತು, ಅವನ ಕಾಲುಗಳು ಅಲ್ಲೇ ಕಚ್ಚಿಕೊಂಡವು. ಮೇಲೆ ಹೋಗಲಾರ, ಕೆಳಗೆ ಇಳಿಯಲಾರ. ಗೋಡೆಗೆ ಒತ್ತಿಕೊಂಡು, ತಲೆಯ ಮೇಲೆ ಕೈ ಹೊತ್ತು ಮುದುರಿ ಕೂತುಬಿಟ್ಟ. ಅಷ್ಟು ದೊಡ್ಡ ಗಂಟಲಿನಿಂದ ಒಂದು ಕೂಗೂ ಹೊರಡಲಿಲ್ಲ.

ಅವನನ್ನು ದಾಟಿಕೊಂಡು ಯಾರೋ ಮೇಲಕ್ಕೆ ಹಾರಿದರು. ಪೇಂಟರ್. ಹೆಗಲ ಮೇಲೆ ಒದ್ದೆ ಗೋಣಿ, ಮೈಯೆಲ್ಲ ಬಣ್ಣಕ್ಕೆ ಬೆರೆಸುವ ಟರ್ಪೆಂಟೈನ್ ವಾಸನೆ. ಕಣ್ಣುಮುಚ್ಚಿ ಬಿಡುವುದರಲ್ಲಿ ಪರದೆ ಬಟ್ಟೆ ಸುತ್ತಿದ ಅಜ್ಜಿಯನ್ನು ಎತ್ತಿಕೊಂಡು ಇಳಿದು ಬಂದ, ಎಚ್ಚರ ತಪ್ಪಿದ್ದ ಮುದುಕಿಯನ್ನು ಭಾವನ ತೋಳುಗಳಿಗೆ ತುರುಕಿದ.

"ಹಿಡ್ಕೋ ಭಾವ, ಹೊರಗೆ ಓಡು" ಎಂದವನೇ ಮತ್ತೆ ಮೇಲಕ್ಕೆ ಓಡಿದ. ಯಾಕೆ ಎಂದು ಷಟರಣ್ಣ ಕೇಳಲಿಲ್ಲ. ತೋಳಿಗೆ ಭಾರ ಬಿದ್ದದ್ದೇ ಕಾಲಿಗೆ ಜೀವ ಬಂತು. ಹೊರಗೆ ಬಂದ.

ಹೊರಗೆ ಇಡೀ ಬೀದಿ ನಿಂತಿತ್ತು. ಅವರು ಕಂಡದ್ದು ಹೊಗೆಯೊಳಗಿಂದ ಅಜ್ಜಿಯನ್ನು ಎತ್ತಿಕೊಂಡು ಹೊರಬಂದ ಷಟರಣ್ಣನನ್ನು. ಚಪ್ಪಾಳೆ ಬಿತ್ತು. ಯಾರೋ ಬೆನ್ನು ತಟ್ಟಿದರು, ಯಾರೋ ನೀರು ಕೊಟ್ಟರು. ಒಬ್ಬನೇ ನುಗ್ಗಿದೆಯಲ್ಲ ಮಾರಾಯ ಎಂದರು. ನಾನಲ್ಲ ಎನ್ನಲು ಅವನು ಬಾಯಿ ತೆರೆದ. ತೆರೆದ ಬಾಯಿಂದ ಬಂದ ಮಾತು, "ದೇವರ ಕೃಪೆ." ಅದು ಸುಳ್ಳೇನಲ್ಲ, ಆದರೆ ಸುಳ್ಳಿಗೆ ಅಷ್ಟೇ ಸಾಕಾಯಿತು. ಜನರ ತಲೆಗಳಾಚೆ, ಬೀದಿಯ ಮೂಲೆಯಲ್ಲಿ ಮಸಿ ಮೆತ್ತಿದ ಮುಖದ ಪೇಂಟರ್ ಕಂಡ. ಹಿಂದಿನ ಕಡೆಯಿಂದ ಇಳಿದಿದ್ದನೇನೋ. ಭಾವನನ್ನು ಒಂದು ಗಳಿಗೆ ನೋಡಿದ, ಮುಖ ತಿರುಗಿಸಿ ಹೊರಟುಹೋದ.

ಮರುದಿನ ಬೆಳಗಿನ ಬಸ್ಸಿಗೆ ಅವನು ಊರೇ ಬಿಟ್ಟ. ದೂರದ ದೊಡ್ಡ ಊರಿನಲ್ಲಿ ಒಳ್ಳೆ ಕೆಲಸ ಸಿಕ್ಕಿದೆ ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದನಂತೆ. ಅಲ್ಲಿಂದ ಮುಂದೆ ಫೋನು ಮಾತ್ರ, ಮನುಷ್ಯ ಬರಲಿಲ್ಲ. ಪೇಂಟರ್ ಊಟಕ್ಕೆ ಹೋಗಿದ್ದನೆಂದೇ ಎಲ್ಲರೂ ನಂಬಿದ್ದರು, ಬೆಂಕಿಗೆ ಹಳೇ ವೈರಿಂಗ್ ಕಾರಣ ಎಂದು ಊರು ತೀರ್ಮಾನಿಸಿತು. ಮಹಡಿ ಸುಟ್ಟುಹೋದದ್ದರಿಂದ ಅಜ್ಜಿ ಅಂಗಡಿಯ ಹಿಂದಿನ ಕೋಣೆಗೆ ಬಂದಳು. ಯಾವ ಹಬ್ಬಕ್ಕೂ ಬಾರದ ತಮ್ಮನನ್ನು ನೆನೆದು ಇಸ್ತ್ರಿ ಅಂಗಡಿಯವಳು ಕಣ್ಣೊರೆಸಿಕೊಂಡಾಗಲೆಲ್ಲ ಷಟರಣ್ಣನಿಗೆ ಆ ನೋಟ ನೆನಪಾಗುತ್ತಿತ್ತು. ನನ್ನ ಮುಖ ನೋಡಲು ಅಸಹ್ಯಪಟ್ಟು ಹೋದ ಎಂದುಕೊಳ್ಳುತ್ತಿದ್ದ. ಆಮೇಲೆ ಭಾನುವಾರ ಬರುತ್ತಿತ್ತು, ಯಾರಾದರೂ ಸಾಕ್ಷಿ ಕೇಳುತ್ತಿದ್ದರು, ಅವನು ಎದ್ದು ನಿಲ್ಲುತ್ತಿದ್ದ.

ಹೀಗೇ ಸಾಗುತ್ತಿತ್ತೇನೋ. ಆದರೆ ಒಂದು ಬೆಳಗ್ಗೆ ಅಜ್ಜಿಯ ಷಟರಿನ ಬೀಗದ ಪಟ್ಟಿ ಬದಲಿಸಲು ಹೋದಾಗ, ಆಕೆ ಗುಂಡಿಗಳನ್ನು ಬಣ್ಣಬಣ್ಣವಾಗಿ ಬೇರೆ ಮಾಡುತ್ತಾ ಮಾತು ತೆಗೆದಳು. ಆಕೆಗೆ ಅವನ ಮೇಲೆ ಹೆತ್ತ ಮಗನಿಗಿಂತ ಹೆಚ್ಚಿನ ಅಕ್ಕರೆ. ಪ್ರತಿದಿನ ಪ್ರಾರ್ಥನೆಯಲ್ಲಿ ಅವನ ಹೆಸರು ಹೇಳದೆ ಕಾಫಿ ಕುಡಿಯುತ್ತಿರಲಿಲ್ಲ.

"ಅವತ್ತಿನದು ನಂಗೆ ಏನೂ ನೆನಪಿಲ್ಲ ಕಣಪ್ಪ" ಎಂದಳು. "ಒಂದು ಬಿಟ್ಟು. ನನ್ನ ಎತ್ಕೊಂಡವನ ಮೈಯಲ್ಲಿ ಟರ್ಪೆಂಟೈನ್ ವಾಸನೆ ಇತ್ತು. ನೀನು ಗ್ರೀಸ್ ಕೆಲಸದವನು, ಅದೆಲ್ಲಿಂದ ಬಂತು?"

"ಕೈ ತೊಳೆಯೋಕೆ ಅದನ್ನೇ ಬಳಸ್ತೀನಿ ಅಜ್ಜಿ. ಗ್ರೀಸ್ ಹೋಗ್ಬೇಕಲ್ಲ."

ಓ ಹಾಗಾ ಎಂದು ಆಕೆ ತೃಪ್ತಿಯಿಂದ ತಲೆಯಾಡಿಸಿ ನೀಲಿ ಗುಂಡಿಗಳಿಗೆ ಕೈ ಹಾಕಿದಳು.  ಮೊದಲ ಸುಳ್ಳು ಜನರ ಚಪ್ಪಾಳೆಯಲ್ಲಿ ತಾನಾಗಿ ಹುಟ್ಟಿದ್ದು ಎಂದು ಷಟರಣ್ಣ ಇಷ್ಟು ವರ್ಷ ತನಗೇ ಸಮಾಧಾನ ಹೇಳಿಕೊಂಡಿದ್ದ. ಇದು ಹಾಗಲ್ಲ. ತನ್ನನ್ನು ನಂಬಿದ ಮುದುಕಿಯ ಕಣ್ಣು ನೋಡುತ್ತಾ, ನಿಂತ ನಿಲುವಿನಲ್ಲೇ, ಬಿಸಿಬಿಸಿಯಾಗಿ ಹೊಸೆದದ್ದು. ಎಷ್ಟು ಸಲೀಸಾಗಿ ಬಂತು! ಬೀಗದ ಪಟ್ಟಿ ಕೈತಪ್ಪಿ ಕಾಲ ಮೇಲೆ ಬಿತ್ತು. ಆ ನೋವೂ ಗೊತ್ತಾಗಲಿಲ್ಲ. ಈಗ ಬಂದೆ ಅಜ್ಜಿ ಎಂದವನೇ, ಸಾಮಾನಿನ ಚೀಲವನ್ನೂ ಅಲ್ಲೇ ಬಿಟ್ಟು ಚರ್ಚಿನ ಕಡೆ ದಾಪುಗಾಲು ಹಾಕಿದ.

ಪಾಸ್ಟರ್ ಏಣಿಯ ಮೇಲೆ ನಿಂತು ಒದ್ದೆ ಬಟ್ಟೆಯಿಂದ ಫ್ಯಾನಿನ ರೆಕ್ಕೆ ಒರೆಸುತ್ತಿದ್ದರು. ಕೆಳಗೆ ನಿಂತ ಷಟರಣ್ಣ ಉಸಿರು ತೆಗೆದುಕೊಳ್ಳದೆ ಎಲ್ಲವನ್ನೂ ಸುರಿದ. ಮೆಟ್ಟಿಲು, ಹೊಗೆ, ಭಾವಮೈದುನ, ಚಪ್ಪಾಳೆ, ಎಂದೂ ಬೀಳದ ತೊಲೆ, ಈಗಷ್ಟೇ ಹೇಳಿಬಂದ ಟರ್ಪೆಂಟೈನ್ ಸುಳ್ಳು. ಅರ್ಧಕ್ಕೆ ಬರುವಷ್ಟರಲ್ಲಿ ಪಾಸ್ಟರ್ ಇಳಿದು ಬಂದು ಬೆಂಚಿನಲ್ಲಿ ಕೂತಿದ್ದರು. ಕೈಯಲ್ಲಿ ಇನ್ನೂ ಆ ಕೊಳಕು ಬಟ್ಟೆ. ಅವರು ನಗಲಿಲ್ಲ, ಬೈಯಲಿಲ್ಲ.

"ದೇವರಿಗೆ ಇದು ಹೊಸ ಸುದ್ದಿ ಅಂದ್ಕೊಂಡ್ಯಾ?" ಎಂದರು. "ನೀನು ಮೆಟ್ಟಿಲ ಮೇಲೆ ಮುದುರಿ ಕೂತಿದ್ದಾಗ ಆತ ಅಲ್ಲೇ ಇದ್ದ."

"ಮೇಲೆ ಹೋದವನ ಜೊತೆ ಇದ್ದ, ಪಾಸ್ಟರೇ."

"ಕೂತವನ ಜೊತೇನೂ ಇದ್ದ. ನಂಬಿಗಸ್ತ ಅಂದ್ರೆ ಅದೇ ಅಲ್ವಾ. ಅಷ್ಟು ವರ್ಷ ನೀನು ಹೇಳಿದ್ರಲ್ಲಿ ಆ ಒಂದು ಮಾತು ನಿಜ, ಆದ್ರೆ ಅದನ್ನ ನೀನೇ ಕೇಳಿಸ್ಕೊಂಡಿರಲಿಲ್ಲ."

ಹಾಗೆಂದು ಅವರು ವಿಷಯವನ್ನು ಹಗುರ ಮಾಡಲಿಲ್ಲ. ದೇವರ ಹೆಸರಿನಲ್ಲಿ ಸುಳ್ಳು ಹೇಳುವುದು ಸಣ್ಣ ಪಾಪವಲ್ಲ, ಇನ್ನೊಬ್ಬನ ಒಳ್ಳೆಯ ಕೆಲಸವನ್ನು ಕದಿಯುವುದು ಕಳ್ಳತನವೇ ಎಂದರು. ಅದನ್ನು ಭಯ, ಗಡಿಬಿಡಿ, ಪರಿಸ್ಥಿತಿ ಎಂದೆಲ್ಲ ಕರೆಯಬೇಡ, ಅದರ ಹೆಸರು ಹಿಡಿದೇ ಕರೆದು ದೇವರ ಮುಂದೆ ಇಡು ಎಂದರು. ಅರಿಕೆ ಮಾಡಿದವನನ್ನು ಕ್ಷಮಿಸುತ್ತೇನೆಂದು ಆತ ಮಾತು ಕೊಟ್ಟಿದ್ದಾನೆ, ನಾವು ಮಾತು ತಪ್ಪಿದರೂ ಆತ ತಪ್ಪುವವನಲ್ಲ ಎಂದರು.

ಷಟರಣ್ಣ ಮೊಣಕಾಲೂರಿದ. ಅವನ ಜೀವಮಾನದಲ್ಲೇ ಅಷ್ಟು ಚಿಕ್ಕ ಪ್ರಾರ್ಥನೆ ಮಾಡಿರಲಿಲ್ಲ. "ಕರ್ತನೇ, ನಾನು ಹೇಡಿಯಾದೆ. ಆಮೇಲೆ ಕಳ್ಳನಾದೆ. ಆಮೇಲೆ ಅದನ್ನ ನಿನ್ನ ತಲೆಗೆ ಕಟ್ಟಿದೆ. ಕ್ಷಮಿಸು." ಇಷ್ಟೇ. ಹೇಳಿ ಮುಗಿಸಿದ ಮೇಲೆ ಎಷ್ಟೋ ವರ್ಷ ಹಿಡಿದಿದ್ದ ಉಸಿರನ್ನು ಈಗ ಬಿಟ್ಟಂತಾಯಿತು. ಅತ್ತ. ಅಳುತ್ತಲೇ ನಗು ಬಂತು. ಎದ್ದವನು ಪಾಸ್ಟರರನ್ನು ಬಟ್ಟೆ ಸಮೇತ ತಬ್ಬಿಕೊಂಡ. ಅವನ ಅಂಗಿಯ ಬೆನ್ನಿಗೆ ಫ್ಯಾನಿನ ಧೂಳೆಲ್ಲ ಮೆತ್ತಿತು.

"ಇನ್ನು ಮನುಷ್ಯರ ಹತ್ರ ಹೋಗೋದು ಬಾಕಿ ಇದೆ" ಎಂದು ಪಾಸ್ಟರ್ ಹೇಳುವಷ್ಟರಲ್ಲಿ ಅವನು ಬಾಗಿಲು ದಾಟಿದ್ದ.

ಮೊದಲು ಹೆಂಡತಿ. ಇಸ್ತ್ರಿ ಪೆಟ್ಟಿಗೆಯ ಮುಂದೆ ನಿಂತು ಯಾರದೋ ಕಾಲರಿಗೆ ನೀರು ಚಿಮುಕಿಸುತ್ತಿದ್ದವಳಿಗೆ ಅಷ್ಟನ್ನೂ ಹೇಳಿದ. ಅವಳು ಪೆಟ್ಟಿಗೆಯನ್ನು ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದಳು. ಗಂಡ ವೀರನಲ್ಲ ಎಂಬುದು ಅವಳಿಗೆ ದೊಡ್ಡ ಆಘಾತವೇನೂ ಆಗಲಿಲ್ಲ. ಜಿರಳೆ ಕಂಡರೆ ಮಂಚ ಹತ್ತುವವನು ಬೆಂಕಿಗೆ ಹೇಗೆ ನುಗ್ಗಿದ ಎಂದು ಮೊದಲೂ ಒಂದೆರಡು ಸಲ ಯೋಚಿಸಿದ್ದಳಂತೆ. ಅವಳಿಗೆ ಉರಿದದ್ದು ಬೇರೆ.

"ನನ್ನ ತಮ್ಮ ಮನೆಗೆ ಬರದೇ ಇರೋದು ಇದಕ್ಕಾ?" ಎಂದಳು. "ನಾನು ಅವನಿಗೋಸ್ಕರ ಅಳೋದನ್ನ ನೋಡ್ತಾ ಕೂತಿದ್ರಲ್ಲ, ರೀ."

 ತಪ್ಪಾಯಿತು ಎಂದ, ಮತ್ತೊಮ್ಮೆ ತಪ್ಪಾಯಿತು ಎಂದ. ಅವಳು ಬೆನ್ನು ತಿರುಗಿಸಿ ನಿಂತು, ಮಡಿಸಿಟ್ಟ ಬಟ್ಟೆಗಳನ್ನು ಸುಮ್ಮನೆ ಬಿಚ್ಚಿ ಮತ್ತೆ ಮಡಿಸಿದಳು. ಕೊನೆಗೆ ಇಸ್ತ್ರಿಯ ಪ್ಲಗ್ ಕಿತ್ತು, ಚಪ್ಪಲಿ ಮೆಟ್ಟಿ, ನಡೀರಿ ಎಂದಳು. ತಮ್ಮನಿರುವ ಊರಿನ ಬಸ್ಸು ಹತ್ತಿದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳು ಕಿಟಕಿ ಕಡೆಗೇ ಮುಖ ಮಾಡಿದ್ದಳು. ಆದರೆ ಬಸ್ ನಿಲ್ದಾಣದಲ್ಲಿ ಕೊಂಡ ಬ್ರೆಡ್ಡು ಬಿಚ್ಚಿದಾಗ ಅರ್ಧ ಮುರಿದು ಅವನ ತೊಡೆಯ ಮೇಲಿಟ್ಟಳು. ಷಟರಣ್ಣನಿಗೆ ಕಾಲು ನಿಲ್ಲುತ್ತಿರಲಿಲ್ಲ. ಡ್ರೈವರ್ ಬ್ರೇಕ್ ಹಾಕಿದಾಗಲೆಲ್ಲ ತಾನೇ ಇಳಿದು ನೂಕಲೇ ಎನಿಸುತ್ತಿತ್ತು. ಹೆದರಿಕೆ ಇತ್ತು, ಇಲ್ಲವೆಂದಲ್ಲ. ಭಾವಮೈದುನ ಮುಖಕ್ಕೆ ಉಗಿಯಬಹುದು. ಉಗಿಯಲಿ, ಮುಖ ತೋರಿಸಿಯೇ ಸಿದ್ಧ ಎಂದುಕೊಂಡ.

ದೊಡ್ಡ ಊರಿನಲ್ಲಿ ಕೇಳುತ್ತಾ ಕೇಳುತ್ತಾ ಕಂಡುಹಿಡಿದಾಗ ಪೇಂಟರ್ ಒಂದು ಎತ್ತರದ ಕಟ್ಟಡದ ಹೊರಗೋಡೆಯಲ್ಲಿ, ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ಬಣ್ಣ ಬಳಿಯುತ್ತಿದ್ದ. ಕೆಳಗಿನಿಂದ ನೋಡಿದರೆ ಗೋಡೆಗೆ ಅಂಟಿದ ಹಲ್ಲಿಯಷ್ಟು. ಇಳಿಯುವ ತನಕ ಕಾಯೋಣ ಎಂದಳು ಹೆಂಡತಿ. ಕಾಯುವ ಸ್ಥಿತಿಯಲ್ಲಿ ಅವನಿರಲಿಲ್ಲ. ಎರಡೂ ಕೈ ಬಾಯಿಗೆ ಹಿಡಿದು, ಪೇಟೆಬೀದಿ ಬಲ್ಲ ಆ ಗಂಟಲನ್ನು ಬಿಟ್ಟ. "ಲೋ ಪೇಂಟರ್! ನಾನು ಕಣೋ, ಭಾವ! ತಪ್ಪಾಯ್ತು ಕಣೋ!"

ಪೇಂಟರ್ ಬಗ್ಗಿ ನೋಡಿದ. ಅಕ್ಕನನ್ನು ಕಂಡು ಯಾರೋ ಸತ್ತರೆಂದೇ ಭಾವಿಸಿ ಕುಂಚ ಕೈಬಿಟ್ಟ. ಅದು ಬಂದು ಕಾವಲುಗಾರನ ಟೋಪಿಯ ಮೇಲೆ ಬಿತ್ತು. ಹಲಗೆಯನ್ನು ಇಳಿಸಿ ಎಂದು ಮೇಲಿನವರಿಗೆ ಕೂಗಿದ. ರಾಟೆ ಕಿರ್ರೆನ್ನುತ್ತಾ, ತಡೆದು ತಡೆದು ಹಲಗೆ ಇಳಿಯತೊಡಗಿತು. ಅದು ಇಳಿಯುವಷ್ಟು ಹೊತ್ತೂ ಷಟರಣ್ಣ ಕೆಳಗಿನಿಂದ ತನ್ನ ಪಾಪವನ್ನು ಒಪ್ಪಿಸುತ್ತಲೇ ಇದ್ದ. ಮೆಟ್ಟಿಲಲ್ಲಿ ಕೂತದ್ದು ಮೇಲಿನ ಮಹಡಿಯ ಹತ್ತಿರ, ಜನರ ಚಪ್ಪಾಳೆ ನಡುವಿನ ಮಹಡಿಯ ಹತ್ತಿರ, ಸಭೆಯಲ್ಲಿ ಹೇಳಿದ ಸುಳ್ಳುಸಾಕ್ಷಿ ಕೆಳಗಿನ ಬಾಲ್ಕನಿಯ ಹತ್ತಿರ. ಕಿಟಕಿಗಳಲ್ಲಿ ತಲೆಗಳು ಮೂಡಿದವು. ಟೋಪಿ ಒರೆಸಿಕೊಳ್ಳುತ್ತಿದ್ದ ಕಾವಲುಗಾರ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಹೆಂಡತಿಗೆ ನಾಚಿಕೆ, ಅಳು, ನಗು ಮೂರೂ ಒಟ್ಟಿಗೆ ಬಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹಲಗೆ ನೆಲ ಮುಟ್ಟಿತು. ಪೇಂಟರ್ ಸೊಂಟದ ಹಗ್ಗ ಬಿಚ್ಚಲೂ ಇಲ್ಲ. ಅಲ್ಲೇ ಕೂತು ಭಾವನ ಮುಖ ನೋಡಿದ.

"ನಿನ್ನ ಮುಖ ನೋಡೋಕಾಗದೆ ಹೋದೆ ಅಂದ್ಕೊಂಡ್ಯಾ, ಭಾವ?" ಎಂದ. "ಬೆಂಕಿ ಹಚ್ಚಿದ್ದು ನಾನು."

ಅವನ ಮಾತು ತಡವರಿಸುತ್ತಾ ಬಂತು. ಕಿಟಕಿ ಚೌಕಟ್ಟಿನ ಹಳೇ ಬಣ್ಣ ಎಬ್ಬಿಸಲು ಉರಿ ಉಗುಳುವ ಗ್ಯಾಸ್ ಟಾರ್ಚ್ ಹಿಡಿದಿದ್ದನಂತೆ. ಹಸಿವು ತಾಳದೆ, ಮರ ಒಳಗೊಳಗೇ ಹೊತ್ತಿದೆಯೋ ಎಂದು ಕೈಯಿಟ್ಟು ನೋಡದೆ ಊಟಕ್ಕೆ ಇಳಿದನಂತೆ. ಅಜ್ಜಿಯನ್ನು ಭಾವನ ಕೈಗೆ ಕೊಟ್ಟು ಮತ್ತೆ ಮೇಲೆ ಓಡಿದ್ದು ಟಾರ್ಚಿನ ಸಿಲಿಂಡರ್ ಸಿಡಿಯದ ಹಾಗೆ ಹಿಂದಿನ ಹಿತ್ತಲಿಗೆ ಎಸೆಯಲು. ಬೀದಿ ಮೂಲೆಯಲ್ಲಿ ನಿಂತು ನೋಡಿದಾಗ ಜನ ಭಾವನನ್ನು ಹೊಗಳುತ್ತಿದ್ದರು. ಅವನೊಬ್ಬನೇ ಒಳಗಿದ್ದ ಎನ್ನುತ್ತಿದ್ದರು. ಒಳ್ಳೆಯದೇ ಆಯಿತು, ನಾನಲ್ಲಿ ಇರಲೇ ಇಲ್ಲ ಎಂದಾಯಿತು ಎಂದುಕೊಂಡು ಮುಖ ತಿರುಗಿಸಿದನಂತೆ.

"ನಿನ್ನ ಸುಳ್ಳಿನ ಹಿಂದೆ ನಾನು ಅಡಗಿ ಕೂತಿದ್ದೆ" ಎಂದ. "ನೀನು ಹೇಳೋವರೆಗೂ ನಂಗೆ ಬಾಯಿ ಬರಲಿಲ್ಲ."

ಷಟರಣ್ಣ ದಂಗಾಗಿ ನಿಂತ. ಅವಮಾನಕ್ಕೆಂದು ಕೆನ್ನೆ ಒಡ್ಡಿ ಬಂದವನು ಅವನು. ಇಲ್ಲಿ ನೋಡಿದರೆ, ತನ್ನ ಸುಳ್ಳಿನೊಳಗೆ ಇನ್ನೊಬ್ಬನೂ ಸಿಕ್ಕಿಕೊಂಡಿದ್ದ, ಹೊರಗಿನಿಂದ ಬಾಗಿಲಿಗೆ ಒರಗಿ ನಿಂತವನು ತಾನೇ ಆಗಿದ್ದ. ಬೆಳಗ್ಗೆ ಪಾಸ್ಟರ್ ತನಗೆ ಹೇಳಿದ್ದನ್ನೆಲ್ಲ, ಅಲ್ಲೇ ಮರಳರಾಶಿಯ ಮೇಲೆ ಕೂತು, ಆತುರ ಆತುರವಾಗಿ ಭಾವಮೈದುನನಿಗೆ ಹೇಳಿದ. ಅರ್ಧ ಮಾತು ಹಿಂದುಮುಂದಾದವು. ಮೂವರೂ ತಲೆ ತಗ್ಗಿಸಿ ಪ್ರಾರ್ಥನೆ ಮಾಡಿದರು. ಪೇಂಟರ್ ಅಕ್ಕನ ಮಡಿಲಿಗೆ ತಲೆಯಿಟ್ಟು ಎಳೆಮಗುವಿನ ಹಾಗೆ ಅತ್ತ. ಅಕ್ಕ ಅವನ ಕೂದಲಿಗೆ ಮೆತ್ತಿದ ಸುಣ್ಣಬಣ್ಣವನ್ನು ಉಗುರಿನಿಂದ ಕೀಳುತ್ತಾ, ಎಷ್ಟು ಬಡವಾಗಿದ್ದೀಯೋ ಎಂದು ಬೈದಳು.

ಗುಂಡಿ ಅಜ್ಜಿಗೆ ಊರಿನವರಿಗಿಂತ ಮೊದಲೇ ತಿಳಿಯಬೇಕೆಂದು ಮರುದಿನ ಇಬ್ಬರೂ ಅಂಗಡಿಯ ಹಿಂದಿನ ಕೋಣೆಗೆ ಹೋದರು. ಒಬ್ಬನ ಮಾತಿನಲ್ಲಿ ಇನ್ನೊಬ್ಬ ಬಾಯಿ ಹಾಕದೆ ತಮ್ಮತಮ್ಮದನ್ನು ಹೇಳಿದರು. ಆಕೆ ತಡೆಯದೆ ಕೇಳಿದಳು. ಮುಖ ಮೆಲ್ಲಗೆ ಗಟ್ಟಿಯಾಯಿತು. ಷಟರಣ್ಣನ ಕಡೆ ನೋಡಲಿಲ್ಲ. ಪೇಂಟರನಿಗೆ ಹೇಳಿದಳು, "ನಮ್ಮ ಯಜಮಾನರ ಫೋಟೋ ಆ ಕಿಟಕಿ ಪಕ್ಕದಲ್ಲೇ ಇತ್ತು. ಇದ್ದದ್ದು ಅದೊಂದೇ." ಅವನು ನೆಲ ನೋಡಿದ.

ಆಕೆ ಕೋಲು ಹುಡುಕಿ ಎದ್ದಳು. "ದೇವರು ಕೇಳಿದ ತಕ್ಷಣ ಕ್ಷಮಿಸ್ತಾನೆ. ನಾನು ವಯಸ್ಸಾದವಳು, ಮೆಲ್ಲಗೆ ನಡೆಯೋಳು. ಆತನ ಹಿಂದೇನೇ ಬರ್ತೀನಿ, ಆದ್ರೆ ಸ್ವಲ್ಪ ತಡ ಆಗುತ್ತೆ. ಈಗ ಹೋಗಿ."

ಆ ಭಾನುವಾರ ಇಬ್ಬರೂ ಸಭೆಯ ಮುಂದೆ ನಿಂತರು. ಷಟರಣ್ಣ ಮೈಕ್ ಹಿಡಿಯಲಿಲ್ಲ, ಅದು ಅವನಿಗೆ ಎಂದೂ ಬೇಕಿರಲಿಲ್ಲ. ಆದರೆ ಅಂದು ಹಿಂದಿನ ಸಾಲಿನವರು ಕೇಳಿಸುತ್ತಿಲ್ಲ ಎಂದು ಸನ್ನೆ ಮಾಡಬೇಕಾಯಿತು. ಕೆಲವರು ಕಣ್ಣೊರೆಸಿಕೊಂಡರು. ಕೆಲವರು ಎದ್ದು ಹೋದರು. ಇಷ್ಟು ವರ್ಷ ನಮ್ಮ ಕಣ್ಣೀರನ್ನು ಪುಕ್ಕಟೆ ತಿಂದ ಎಂದು ಒಬ್ಬ ಹೆಂಗಸು ಜೋರಾಗಿಯೇ ಹೇಳಿದಳು, ಅದರಲ್ಲಿ ತಪ್ಪೇನಿರಲಿಲ್ಲ. ಸಭೆಯ ಹಿರಿಯರು, ಸದ್ಯಕ್ಕೆ ಷಟರಣ್ಣ ವೇದಿಕೆ ಹತ್ತುವುದು ಬೇಡ ಎಂದರು. ಅವನು ಸಂತೋಷದಿಂದಲೇ ಒಪ್ಪಿದ, ಬೆಂಚು ಒರೆಸುವ ಕೆಲಸ ಕೇಳಿ ತೆಗೆದುಕೊಂಡ. ಒರೆಸುವಾಗ ಹಾಡುತ್ತಿದ್ದ ಹಾಡು ಪಕ್ಕದ ಬೀದಿಗೂ ಕೇಳುತ್ತಿತ್ತು. ಪೇಂಟರ್ ಊರಿಗೇ ಮರಳಿದ. ಯಾರೂ ಹೇಳದಿದ್ದರೂ ಅಜ್ಜಿಯ ಸುಟ್ಟ ಮಹಡಿಯನ್ನು ಕೆರೆದು, ತೇಪೆ ಹಾಕಿ, ದಿನವೂ ಒಂದಿಷ್ಟು ಸರಿಮಾಡತೊಡಗಿದ. ಅಜ್ಜಿ ಕೆಳಗೆ ಕೂತು ಗುಂಡಿ ಮಾರುತ್ತಿದ್ದಳು, ಮೇಲಕ್ಕೆ ಒಂದು ಮಾತಿಲ್ಲ. ಎಷ್ಟೋ ವಾರಗಳು ಹಾಗೆಯೇ ಕಳೆದವು. ಒಂದು ದಿನ ಮೆಟ್ಟಿಲ ಬುಡದಿಂದ ಕೂಗು ಬಂತು. ಕಾಫಿ ಆರುತ್ತಿದೆ, ಇಬ್ಬರೂ ಇಳಿದು ಬನ್ನಿ ಎಂದು. ಷಟರಣ್ಣ ಆಗ ಅಲ್ಲಿ ಏಣಿ ಹಿಡಿಯಲು ಹೋಗಿದ್ದ. ಇಬ್ಬರೂ ಎಷ್ಟು ರಭಸದಿಂದ ಇಳಿದರೆಂದರೆ, ಒಬ್ಬರ ಕಾಲಿಗೆ ಒಬ್ಬರು ಸಿಕ್ಕಿ ಕೊನೆಯ ಮೆಟ್ಟಿಲುಗಳನ್ನು ಉರುಳಿಯೇ ಮುಗಿಸಿದರು. ಅಜ್ಜಿ ಎಷ್ಟೋ ದಿನದ ಮೇಲೆ ನಕ್ಕಳು.

ಮುಂದಿನ ವರ್ಷ ಪಾಸ್ಟರ್ ಮತ್ತೆ ಅವನನ್ನು ಸಾಕ್ಷಿಗೆ ಕರೆದರು. ಷಟರಣ್ಣ ಎದ್ದು ನಿಂತು, ಬೆಂಕಿ ಬಿದ್ದ ದಿನ ತಾನು ಮೆಟ್ಟಿಲ ನಡುವೆ ನಿಂತುಹೋದೆ, ದೇವರು ನಿಂತುಹೋಗಲಿಲ್ಲ, ಹೇಡಿತನವನ್ನೂ ಸುಳ್ಳನ್ನೂ ಒಪ್ಪಿಕೊಂಡಾಗ ಕೈಬಿಡಲೂ ಇಲ್ಲ ಎಂದು ಹೇಳಿ ಕೂತ. ಜನ ಇನ್ನೂ ಏನೋ ಇದೆ ಎಂದು ಕಾಯುತ್ತಿದ್ದರು. ಆರಾಧನೆ ಮುಗಿದು ಎಲ್ಲರೂ ಹೊರಟ ಮೇಲೆ, ಯಾವಾಗಲೂ ಕೊನೆಯ ಸಾಲಿನಲ್ಲಿ ಕೂತು ಮೊದಲು ಎದ್ದು ಹೋಗುವ ಬ್ಯಾಂಕಿನ ಗಾರ್ಡ್ ಅವನ ಬೆಂಚಿನ ಬಳಿ ಬಂದು ನಿಂತ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಿದ್ದ.

"ನಂದೂ ಅಂಥದ್ದೊಂದು ಇದೆ" ಎಂದ. "ಯಾರ ಹತ್ರಾನೂ ಹೇಳಿಲ್ಲ."

ಷಟರಣ್ಣ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

"ಕೂತ್ಕೊಳ್ಳಿ" ಎಂದ. "ನಿಧಾನವಾಗಿ ಹೇಳಿ."